ಕಟ್ಟಿಗೆ ಭಟ್ಟಿಯ ಬೇಕರಿಗೆ ಮಂಡಳಿಯ ಅನುಮತಿ ಮತ್ತು ಶುಲ್ಕ

ಮುಂಬಯಿಯಲ್ಲಿ ಪರಿಚಿತರ ಹಳೆಯ ಬೇಕರಿಯೊಂದನ್ನು ಕೊಂಡು ನಡೆಸಬೇಕೆಂದಿರುವ ನೀವು, ಅಲ್ಲಿ ಕಟ್ಟಿಗೆಯ ಭಟ್ಟಿ ಇರುವುದರಿಂದ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಬೇಕೇ, ಶುಲ್ಕ ಎಷ್ಟಾದೀತು ಎಂದು ಕೇಳಿದ್ದೀರಿ. ಇಲ್ಲಿನ ಸಣ್ಣ ಉದ್ದಿಮೆಗಳಿಗೆ ಇಂಥ ಅರ್ಜಿಗಳನ್ನು ಸಿದ್ಧಪಡಿಸಿಕೊಡುವುದೇ ನನ್ನ ವೃತ್ತಿ. ಅನುಮತಿ ಬೇಕೇ ಬೇಕು. ಆದರೆ ಶುಲ್ಕದ ಲೆಕ್ಕಕ್ಕೆ ಮುನ್ನ ಇಂಧನದ ವಿಷಯ ಇತ್ಯರ್ಥವಾಗಬೇಕು.

ನಗರದ ವಾಯುಮಾಲಿನ್ಯದ ಬಗ್ಗೆ ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡ ಪ್ರಕರಣದಲ್ಲಿ ಬಾಂಬೆ ಹೈಕೋರ್ಟು 2025ರ ಜನವರಿ 9ರಂದು, ಕಟ್ಟಿಗೆ ಅಥವಾ ಕಲ್ಲಿದ್ದಲು ಉರಿಸುವ ಬೇಕರಿಗಳು ಆರು ತಿಂಗಳೊಳಗೆ ಗ್ಯಾಸಿನಂಥ ಶುದ್ಧ ಇಂಧನಕ್ಕೆ ಬದಲಾಗಬೇಕೆಂದೂ, ಕಟ್ಟಿಗೆ ಅಥವಾ ಕಲ್ಲಿದ್ದಲಿನ ಮೇಲೆ ನಡೆಯುವ ಹೊಸ ಬೇಕರಿಗೆ ಅನುಮತಿ ನೀಡಬಾರದೆಂದೂ ಆದೇಶಿಸಿತು. ಆ ಗಡುವು ಮುಗಿದಿದೆ. ಹಾಗಾಗಿ ಈಗಿರುವ ಭಟ್ಟಿಯನ್ನು ನಂಬಿ ವ್ಯಾಪಾರದ ಲೆಕ್ಕ ಹಾಕಬೇಡಿ. ಇದನ್ನು ನಾನು ಬರೀ ಕಾನೂನಿಗೆ ಹೆದರಿ ಹೇಳುತ್ತಿಲ್ಲ. ಹಳೆಯ ಪೀಠೋಪಕರಣಗಳ ಬಣ್ಣ ಬಳಿದ ಹಲಗೆ, ಪ್ಲೈವುಡ್ ತುಂಡುಗಳನ್ನೇ ಭಟ್ಟಿಗೆ ತುರುಕುವುದನ್ನು ನೋಡಿದ್ದೇನೆ; ಆ ಹೊಗೆಯನ್ನು ಎಲ್ಲರಿಗಿಂತ ಮೊದಲು ಕುಡಿಯುವವರು ಭಟ್ಟಿಯ ಮುಂದೆ ನಿಂತು ಪಾವ್ ತೆಗೆಯುವ ಕೆಲಸಗಾರರು.

ಕನ್ಸೆಂಟ್ ಎಂದು ಎಲ್ಲರೂ ಕರೆಯುವ ಅನುಮತಿಗೆ ಆಧಾರ 1981ರ ವಾಯುಮಾಲಿನ್ಯ ತಡೆ ಮತ್ತು ನಿಯಂತ್ರಣ ಕಾಯ್ದೆಯ 21ನೇ ಕಲಂ. ಘಟಕ ಸ್ಥಾಪಿಸುವುದಕ್ಕೊಂದು, ನಡೆಸುವುದಕ್ಕೊಂದು ಎಂದು ಅದರಲ್ಲಿ ಎರಡು ಹಂತಗಳಿವೆ. ನಿಮಗೆ ಮುಖ್ಯವಾದ ಅಂಶವೊಂದು ಅದೇ ಕಲಮಿನಲ್ಲಿದೆ: ಉದ್ದಿಮೆ ಕೈಬದಲಾದಾಗ ಹಿಂದಿನ ಮಾಲೀಕರಿಗೆ ದೊರೆತ ಕನ್ಸೆಂಟ್ ಹೊಸಬರಿಗೇ ದೊರೆತಂತೆ, ಅದರ ಷರತ್ತುಗಳೂ ಅವರನ್ನು ಕಟ್ಟಿಹಾಕುತ್ತವೆ. ಆದ್ದರಿಂದ ಮುಂಗಡ ಕೊಡುವ ಮುನ್ನ ಮಂಡಳಿ ನೀಡಿದ ಆ ಕನ್ಸೆಂಟ್ ಆದೇಶದ ಪ್ರತಿ ಕೇಳಿ ಪಡೆದು, ಅವಧಿ, ಇಂಧನ, ದಿನದ ಉತ್ಪಾದನೆ, ಚಿಮಣಿಯ ಎತ್ತರ ಇವುಗಳಿಗೆ ಏನು ಬರೆದಿದೆ ಎಂದು ಸಾಲುಸಾಲಾಗಿ ಓದಿರಿ. ಪ್ರತಿ ಸಿಗದಿದ್ದರೆ ಕನ್ಸೆಂಟ್ ಇಲ್ಲವೆಂದೇ ತಿಳಿದು ಮಾತುಕತೆ ನಡೆಸುವುದು ಒಳ್ಳೆಯದು.

ಮಹಾರಾಷ್ಟ್ರ ಮಂಡಳಿಯ ಶುಲ್ಕ ಹೊಗೆಯನ್ನು ಅಳೆದು ನಿಗದಿಯಾಗುವುದಲ್ಲ, ಮುಖ್ಯವಾಗಿ ಬಂಡವಾಳ ಹೂಡಿಕೆಯನ್ನು ನೋಡಿ ನಿಗದಿಯಾಗುತ್ತದೆ. ಆ ಹೂಡಿಕೆಯ, ಸವಕಳಿ (ಬಳಕೆಯಿಂದ ಇಳಿದ ಬೆಲೆ) ಕಳೆಯದ ಮೂಲ ಬೆಲೆಗೆ ಸಿಎ, ಅಂದರೆ ಲೆಕ್ಕಪರಿಶೋಧಕರ, ಪ್ರಮಾಣಪತ್ರ ಬೇಕು. ಸವಕಳಿ ಕಳೆದು ತೋರಿಸಿದರೆ ಅರ್ಜಿ ತಿರುಗಿ ಬರುತ್ತದೆ. ಮಾಲಿನ್ಯದ ಸಾಧ್ಯತೆಗೆ ತಕ್ಕಂತೆ ಬಣ್ಣದ ಹೆಸರಿನಿಂದ ಗುರುತಿಸುವ ಘಟಕದ ವರ್ಗವೂ ಗಣನೆಗೆ ಬರುತ್ತದೆ. ಕೇಂದ್ರ ಮಂಡಳಿಯ 2016ರ ಪಟ್ಟಿಯಲ್ಲಿ ದಿನಕ್ಕೆ 1 ಟನ್ನಿಗಿಂತ ಕಡಿಮೆ ತಯಾರಿಸುವ, ಗ್ಯಾಸ್ ಅಥವಾ ವಿದ್ಯುತ್ ಓವನ್ನಿನ ಬೇಕರಿ ಹಸಿರು ವರ್ಗದಲ್ಲಿತ್ತು; 1 ಟನ್ ದಾಟಿದರೆ ಕಿತ್ತಳೆ. ಆ ಪಟ್ಟಿ 2025ರಲ್ಲಿ ಪರಿಷ್ಕೃತವಾಗಿರುವುದರಿಂದ ಅರ್ಜಿ ಹಾಕುವ ದಿನ ಜಾರಿಯಲ್ಲಿರುವುದನ್ನೇ ನೋಡಿಕೊಳ್ಳಿ.

ಅರ್ಜಿ ಸಲ್ಲಿಸುವುದು ಮಂಡಳಿಯ ಜಾಲತಾಣದ ಮೂಲಕ. ಮಂಡಳಿಯು ನಾಲ್ಕು ತಿಂಗಳೊಳಗೆ ಲಿಖಿತ ಆದೇಶ ನೀಡಬೇಕು, ನಿರಾಕರಿಸಿದರೆ ಕಾರಣ ಬರೆಯಬೇಕು. ಆದೇಶ ಕೈಸೇರಿದ 30 ದಿನಗಳೊಳಗೆ ಮೇಲ್ಮನವಿಗೆ ಅವಕಾಶವಿದೆ. ಮಹಾನಗರ ಪಾಲಿಕೆಯ ಆರೋಗ್ಯ ಲೈಸೆನ್ಸ್ ಮತ್ತು ಆಹಾರ ಸುರಕ್ಷತಾ ಲೈಸೆನ್ಸ್ ಬೇರೆಯೇ. ಇವು ಕೈಯಲ್ಲಿವೆ ಎಂದು ಕನ್ಸೆಂಟ್ ಬಿಡುವಂತಿಲ್ಲ. ಆ ಗಲ್ಲಿಗೆ ಪೈಪ್ ಗ್ಯಾಸ್ ಬಂದಿದೆಯೇ ಎಂದು ಈ ವಾರವೇ ವಿಚಾರಿಸಿ, ಬಂದಿಲ್ಲವಾದರೆ ವಿದ್ಯುತ್ ಓವನ್ನಿಗೆ ಬೇಕಾದ ಲೋಡ್ ಆ ಕಟ್ಟಡಕ್ಕೆ ಸಿಗುತ್ತದೆಯೇ ಎಂಬುದನ್ನು ಖಚಿತಪಡಿಸಿಕೊಂಡ ಬಳಿಕವೇ ಕರಾರಿಗೆ ಸಹಿ ಹಾಕಿ.