ಪ್ರಶ್ನೆ ನಿಮ್ಮದು: ಹೊರಗಿನಿಂದ ಬಂದ ಪ್ರಸಂಗಿಯ ಕವರಿನಲ್ಲಿ ಎಷ್ಟಿರಬೇಕು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ದುಡ್ಡಿನ ಬಗ್ಗೆಯೇ ಇವೆ. ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಬಾಯಿಬಿಟ್ಟು ಕೇಳಲಾಗದ್ದನ್ನು ಪತ್ರದಲ್ಲಿ ಕೇಳಿದ್ದೀರಿ. ಹೆಸರು ಹಾಕಬೇಡಿ ಎಂದವರೇ ಜಾಸ್ತಿ, ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನಾನು ನಮ್ಮ ಸಭೆಯ ಖಜಾಂಚಿ. ಆಗಾಗ ಹೊರಗಿನಿಂದ ದೇವಸೇವಕರನ್ನು ಕರೆಸುತ್ತೇವೆ. ಕೊನೇ ಪ್ರಾರ್ಥನೆ ನಡೆಯುತ್ತಿರುವಾಗ ಹಿರಿಯರೊಬ್ಬರು ಪಕ್ಕಕ್ಕೆ ಬಂದು ‘ಎಷ್ಟು ಹಾಕೋಣ?’ ಎಂದು ಕಿವಿಯಲ್ಲಿ ಕೇಳುತ್ತಾರೆ. ಒಬ್ಬರಿಗೆ ಜಾಸ್ತಿ ಹೋಗುತ್ತದೆ, ಇನ್ನೊಬ್ಬರಿಗೆ ಕಡಿಮೆ. ಇದಕ್ಕೊಂದು ಲೆಕ್ಕ ಇದೆಯಾ?

ಉತ್ತರ: ಎಲ್ಲರೂ ಕಣ್ಣು ಮುಚ್ಚಿರುವಾಗ ನೋಟು ಎಣಿಸುವ ಖಜಾಂಚಿ ನೀವೊಬ್ಬರೇ ಅಲ್ಲ, ಸಮಾಧಾನ ಮಾಡಿಕೊಳ್ಳಿ.

ಮೊತ್ತವನ್ನು ನಾನು ಹೇಳಲಾರೆ. ಲೆಕ್ಕ ಹಾಕುವ ದಾರಿ ಮಾತ್ರ ಹೇಳುತ್ತೇನೆ. ಮೊದಲು ಎರಡು ದುಡ್ಡನ್ನು ಬೇರೆ ಮಾಡಿ. ಪ್ರಯಾಣದ ಖರ್ಚು ಕಾಣಿಕೆ ಅಲ್ಲ. ನೀವು ಕರೆದಿರಿ, ಅವರು ಟಿಕೆಟ್ ತೆಗೆದು ಬಂದರು, ಅಲ್ಲಿಗೆ ಅದು ನಿಮ್ಮ ಮೇಲಿರುವ ಬಾಕಿ. ಬಾಕಿ ತೀರಿಸಿದ ಮೇಲೆ ಕೊಡುವುದು ಕಾಣಿಕೆ. ಎರಡನ್ನೂ ಒಂದೇ ಕವರಿಗೆ ತುರುಕಿದರೆ ದೂರದಿಂದ ಬಂದವರು ಪ್ರತಿ ಸಲವೂ ನಷ್ಟದಲ್ಲೇ ಮನೆಗೆ ಹೋಗುತ್ತಾರೆ, ಪಕ್ಕದ ಬೀದಿಯಿಂದ ಬಂದವರಿಗೆ ಸುಮ್ನೆ ಲಾಭ. ಇದೇನೂ ಹೊಸ ಯೋಚನೆ ಅಲ್ಲ. ಅಮೆರಿಕದಲ್ಲಿ ಕುದುರೆ ಮೇಲೆ ಊರೂರು ಸುತ್ತುತ್ತಿದ್ದ ಮೆಥೊಡಿಸ್ಟ್ ಎಂಬ ಕ್ರೈಸ್ತ ಪಂಗಡದ ಪ್ರಸಂಗಿಗಳಿಗೆ ಮೊದಲು ವರ್ಷಕ್ಕೆ 64 ಡಾಲರ್ ಇತ್ತು. 1800ರಲ್ಲಿ ಅದನ್ನು 80ಕ್ಕೆ ಏರಿಸಿದಾಗ ಪ್ರಯಾಣದ ಖರ್ಚು ಇದಕ್ಕೆ ಹೊರತು ಎಂದು ನಿಯಮದಲ್ಲೇ ಬರೆದರು. ಆ 80 ಪೂರ್ತಿ ಕೈಗೆ ಸಿಗದವರು ಬಹಳ ಜನ ಇದ್ದರು, ಅದು ಬೇರೆ ಮಾತು.

ಈಗ ಕಾಣಿಕೆ. ಒಂದು ಗಂಟೆ ಪ್ರಸಂಗಕ್ಕೆ ಎಷ್ಟು ಎಂದು ಲೆಕ್ಕ ಹಾಕಬೇಡಿ. ಅವರು ಮನೆ ಬಿಟ್ಟು ಎಷ್ಟು ದಿನ ಇದ್ದರು ನೋಡಿ. ಬರುವ ದಿನ, ಹೋಗುವ ದಿನ, ಕೂಟದ ದಿನಗಳು, ತಯಾರಿಗೆ ಒಂದು ದಿನ. ನಿಮ್ಮ ಸ್ವಂತ ಪಾಸ್ಟರಿಗೆ ತಿಂಗಳಿಗೆ ಕೊಡುವುದನ್ನು ದಿನಕ್ಕೆ ಇಳಿಸಿ, ಆ ದಿನಗಳಿಂದ ಗುಣಿಸಿ. ಇದಕ್ಕಿಂತ ಕಡಿಮೆ ಕೊಟ್ಟರೆ ಅತಿಥಿಯ ಮನೆಯವರು ನಿಮ್ಮ ಕೂಟಕ್ಕೆ ದುಡ್ಡು ಹಾಕಿದ ಹಾಗಾಯಿತು. ಪಾಸ್ಟರಿಗೇ ಸರಿಯಾಗಿ ಕೊಡುತ್ತಿಲ್ಲ ಎನ್ನುವವರು ಮೊದಲು ಅದನ್ನು ಸರಿ ಮಾಡಿ, ಆಮೇಲೆ ಕನ್ವೆನ್ಷನ್ ಪೋಸ್ಟರ್ ಅಚ್ಚು ಹಾಕಿಸಿ.

ಇನ್ನೊಂದು ಮಾತು. ಹೆಸರುವಾಸಿ ಪ್ರಸಂಗಿಗೆ ದಪ್ಪ ಕವರ್, ಹೊಸಬನಿಗೆ ತೆಳು ಕವರ್, ಇದು ಎಲ್ಲ ಕಡೆ ನಡೆಯುತ್ತದೆ. ಕಷ್ಟ ಇರುವುದು ಯಾರಿಗೆ? ಹೆಸರಿದ್ದವರನ್ನು ಹತ್ತು ಸಭೆಗಳು ಕರೆಯುತ್ತವೆ. ಹೊಸಬ ನಿಮ್ಮ ಒಂದು ಕರೆಗೇ ಆ ವಾರದ ಕೂಲಿ ಬಿಟ್ಟು ಬಂದಿರುತ್ತಾನೆ. ದಿನದ ಲೆಕ್ಕ ಹಿಡಿದರೆ ಈ ಭೇದ ತಾನಾಗಿ ಹೋಗುತ್ತದೆ. ಮೊತ್ತವನ್ನು ಕೂಟಕ್ಕೆ ಮುಂಚೆಯೇ ಕಮಿಟಿಯಲ್ಲಿ ತೀರ್ಮಾನಿಸಿ, ರಸೀದಿ ಪುಸ್ತಕದಲ್ಲಿ ಬರೆದು, ಬೀಳ್ಕೊಡುವ ಮೊದಲು ಕೂತಲ್ಲೇ ಕೊಡಿ. ಬಾಗಿಲಲ್ಲಿ ಕೈಕುಲುಕುವ ನೆಪದಲ್ಲಿ ಕೈಗೆ ತುರುಕುವುದು ಇಬ್ಬರಿಗೂ ಮುಜುಗರ.

ಪ್ರಶ್ನೆ: ಒಬ್ಬ ಪ್ರಸಂಗಿಯನ್ನು ಕರೆದೆವು. ‘ಇಷ್ಟು ಕೊಟ್ಟರೆ ಮಾತ್ರ ಬರುತ್ತೇನೆ’ ಎಂದರು. ಬೈಬಲಿನಲ್ಲಿ ಅಪೊಸ್ತಲ ಪೌಲನು ಗುಡಾರ ಹೊಲಿದು ತನ್ನ ಊಟ ತಾನೇ ದುಡಿದುಕೊಂಡ, ಇವರಿಗೇನಾಗಿದೆ?

ಉತ್ತರ: ಪೌಲನನ್ನು ಅರ್ಧ ಮಾತ್ರ ಹಿಡಿದಿದ್ದೀರಿ. ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ದಂಪತಿಯ ಜೊತೆ ಅವನು ಗುಡಾರದ ಕೆಲಸ ಮಾಡಿದ್ದು ನಿಜ, ಅಪೊಸ್ತಲರ ಕೃತ್ಯಗಳು 18ರಲ್ಲಿದೆ. ಆದರೆ ಅದೇ ಕೊರಿಂಥದವರಿಗೆ ಬರೆದ ಮೊದಲ ಪತ್ರದ 9ನೇ ಅಧ್ಯಾಯ ಓದಿ. ಸುವಾರ್ತೆ ಸಾರುವವರು ಸುವಾರ್ತೆಯಿಂದಲೇ ಜೀವನ ಮಾಡಬೇಕೆಂದು ಕರ್ತನೇ ನೇಮಿಸಿದ್ದಾನೆ ಎಂದು ಅಲ್ಲಿ ಸ್ಪಷ್ಟವಾಗಿ ವಾದಿಸುತ್ತಾನೆ. ಕಣ ತುಳಿಯುವ ಎತ್ತಿನ ಬಾಯಿ ಕಟ್ಟಬಾರದು ಎಂಬ ಮೋಶೆಯ ನಿಯಮವನ್ನೂ ತರುತ್ತಾನೆ. ಹಕ್ಕಿದೆ, ಆದರೆ ನಾನದನ್ನು ಬಳಸಲಿಲ್ಲ ಎನ್ನುತ್ತಾನೆ. ಹಕ್ಕು ಬಿಟ್ಟುಕೊಟ್ಟದ್ದು ಅವನು, ಬಿಡಿಸಿದ್ದು ಸಭೆ ಅಲ್ಲ. ನಾವು ಇನ್ನೊಬ್ಬರ ಹಕ್ಕನ್ನು ಅವರ ಪರವಾಗಿ ಬಿಟ್ಟುಕೊಡುವುದು ತುಂಬಾ ಸುಲಭ, ಅಲ್ವಾ?

ಹಾಗಂತ ಪೌಲನು ಯಾರಿಂದಲೂ ತೆಗೆದುಕೊಳ್ಳಲೇ ಇಲ್ಲವೇ? ತೆಗೆದುಕೊಂಡ. ಕೊರಿಂಥದಲ್ಲಿದ್ದಾಗ ಮಕೆದೋನ್ಯದಿಂದ ಬಂದ ಸಹೋದರರು ಅವನ ಕೊರತೆ ನೀಗಿಸಿದರು. ಥೆಸಲೋನಿಕದಲ್ಲಿದ್ದಾಗ ಫಿಲಿಪ್ಪಿಯವರು ಒಂದೆರಡು ಸಲ ಕಳಿಸಿದರು. ಮುಂದೆ ಸೆರೆಯಲ್ಲಿದ್ದಾಗ ಎಪಫ್ರೊದೀತನ ಕೈಯಲ್ಲಿ ಮತ್ತೆ ಕಳಿಸಿದರು, ಅದಕ್ಕೆ ಅವನು ಮನಸಾರೆ ಧನ್ಯವಾದ ಬರೆದ.

ಆದರೂ ನಿಮ್ಮ ಸಿಟ್ಟಿನಲ್ಲಿ ನ್ಯಾಯವಿದೆ. ‘ನನ್ನ ಪ್ರಯಾಣಕ್ಕೆ ಇಷ್ಟಾಗುತ್ತದೆ, ಉಳಿಯಲು ಜಾಗ ಬೇಕು’ ಎಂದು ಮುಂಚೆಯೇ ಹೇಳುವುದು ಒಂದು. ‘ಇಷ್ಟಿಲ್ಲದಿದ್ದರೆ ವಾಕ್ಯ ಇಲ್ಲ’ ಎನ್ನುವುದು ಇನ್ನೊಂದು. ಮೊದಲನೆಯದು ಪ್ರಾಮಾಣಿಕತೆ, ಎರಡನೆಯದಕ್ಕೆ ನಾನಾಗಿದ್ದರೆ ಬೇಡ ಅನ್ನುತ್ತಿದ್ದೆ. ಈ ತಲೆನೋವು ಆದಿ ಸಭೆಗೂ ಇತ್ತು. ಡಿಡಾಕೆ ಎಂಬ ಬಹಳ ಹಳೆಯ ಕ್ರೈಸ್ತ ಕೈಪಿಡಿಯ ಪ್ರತಿಯೊಂದು 1873ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಸಿಕ್ಕಿತು. ತಿರುಗಾಡುವ ಅಪೊಸ್ತಲರನ್ನು ಹೇಗೆ ನೋಡಿಕೊಳ್ಳಬೇಕೆಂದು ಅದರಲ್ಲಿ ಕಡ್ಡಿ ಮುರಿದ ಹಾಗೆ ಹೇಳಿದೆ: ಬಂದವನನ್ನು ಕರ್ತನನ್ನೇ ಬರಮಾಡಿಕೊಂಡಂತೆ ಬರಮಾಡಿಕೊಳ್ಳಿ, ಒಂದು ದಿನ ಇರಲಿ, ಬೇಕಾದರೆ ಎರಡು ದಿನ, ಮೂರನೇ ದಿನವೂ ಕೂತರೆ ಅವನು ಸುಳ್ಳು ಪ್ರವಾದಿ. ಹೊರಡುವಾಗ ಮುಂದಿನ ತಂಗುದಾಣದವರೆಗೆ ಬೇಕಾದ ರೊಟ್ಟಿ ಮಾತ್ರ ಕೊಡಿ, ದುಡ್ಡು ಕೇಳಿದರೆ ಸುಳ್ಳು ಪ್ರವಾದಿ. ಕೇಳಿದ್ದು ಬಡವರಿಗಾಗಿಯಾದರೆ ಅವನನ್ನು ತೀರ್ಪು ಮಾಡಬೇಡಿ ಎಂದೂ ಇದೆ. ಇಷ್ಟು ಖಾರವಾಗಿ ಬರೆದ ಅದೇ ಪುಸ್ತಕ, ನಿಜವಾದ ಪ್ರವಾದಿ ನಿಮ್ಮಲ್ಲೇ ನೆಲೆಸಿದರೆ ಬೆಳೆಯ ಪ್ರಥಮಫಲ ಅವನಿಗೆ ಕೊಡಿ ಎನ್ನುತ್ತದೆ. ಈ ಎರಡನೇ ಭಾಗವನ್ನು ಕಮಿಟಿಗಳಲ್ಲಿ ಯಾರೂ ಓದಿ ಹೇಳುವುದಿಲ್ಲ.

ಪ್ರಶ್ನೆ: ನನ್ನ ಯಜಮಾನರು ಸುವಾರ್ತಿಕರು, ತಿಂಗಳಲ್ಲಿ ಅರ್ಧದಷ್ಟು ದಿನ ಹೊರಗೇ. ಮೊನ್ನೆ ಎರಡು ದಿನದ ಕೂಟ ಮುಗಿಸಿ ರಾತ್ರಿ ಬಂದರು. ಮಂಚದ ಮೇಲೆ ಕವರ್ ಬಿಚ್ಚಿ ನೋಡಿದರೆ ಟಿಕೆಟಿನ ದುಡ್ಡೂ ಇರಲಿಲ್ಲ. ಜೊತೆಗೆ ಅವರ ಹೆಸರು ಕೆತ್ತಿಸಿದ ನೆನಪಿನ ಫಲಕ ಕೊಟ್ಟಿದ್ದರು. ಮನೆಯಲ್ಲಿ ಇಂಥ ಫಲಕ ಇಡಲು ಜಾಗ ಇಲ್ಲ. ಬಾಡಿಗೆ ಎರಡು ತಿಂಗಳು ಬಾಕಿ. ಕೇಳಿದರೆ ‘ದುಡ್ಡಿಗೆ ಬಂದವರು’ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಅಮ್ಮಾ, ಆ ಫಲಕಕ್ಕೆ ಸಭೆಯವರು ಕೊಟ್ಟ ದುಡ್ಡೇ ನಿಮ್ಮ ಟಿಕೆಟಿಗೆ ಸಾಕಾಗುತ್ತಿತ್ತೇನೋ. ಅವರು ಕೆಟ್ಟವರು ಅಂತಲ್ಲ. ಯಾರೂ ಹೇಳಲಿಲ್ಲ, ಅವರೂ ಯೋಚಿಸಲಿಲ್ಲ.

ಹೇಳುವ ಕೆಲಸವನ್ನು ಕೂಟಕ್ಕೆ ಮೊದಲೇ ಮಾಡಿಬಿಡಿ, ಅದೂ ನಿಮ್ಮ ಯಜಮಾನರ ಬಾಯಿಂದ ಬೇಡ. ನಿಮ್ಮ ಸ್ವಂತ ಸಭೆಯ ಹಿರಿಯರೊಬ್ಬರ ಹತ್ತಿರ ಈ ಜವಾಬ್ದಾರಿ ವಹಿಸಿಕೊಳ್ಳಲು ಕೇಳಿ. ಕರೆ ಬಂದ ಕೂಡಲೇ ಅವರು ಹೀಗೆ ಮೆಸೇಜ್ ಹಾಕಲಿ: ‘ನಮ್ಮ ಸಹೋದರರನ್ನು ಕರೆದದ್ದಕ್ಕೆ ಸಂತೋಷ. ಹೋಗಿ ಬರುವ ಟಿಕೆಟ್ ಇಷ್ಟಾಗುತ್ತದೆ, ಅದನ್ನು ಮುಂಚೆ ಕಳಿಸಿದರೆ ಒಳ್ಳೆಯದು. ಉಳಿದದ್ದು ನಿಮ್ಮ ಮನಸ್ಸಿಗೆ ಬಿಟ್ಟದ್ದು. ನೆನಪಿನ ಕಾಣಿಕೆ ಬೇಡ.’ ಇಷ್ಟು ಸಾಕು. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಯೋಹಾನನ 3ನೇ ಪತ್ರದಲ್ಲಿ ಗಾಯನೆಂಬ ವಿಶ್ವಾಸಿಗೆ ಹೇಳಿದ್ದೂ ಇದೇ, ತಿರುಗಾಡುವ ಸಹೋದರರನ್ನು ದೇವರಿಗೆ ತಕ್ಕ ಹಾಗೆ ಸಾಗಕಳಿಸು ಅಂತ. ತನ್ನ ಜೊತೆಕೆಲಸಗಾರ ತೀತನಿಗೂ ಪೌಲ ಬರೆದ: ಜೇನನಿಗೂ ಅಪೊಲ್ಲೋಸನಿಗೂ ದಾರಿಯಲ್ಲಿ ಏನೂ ಕಡಿಮೆಯಾಗದಂತೆ ನೋಡಿಕೋ. ಕೇಳಿದ್ದು ಬೇರೆಯವರಿಗಾಗಿ, ಕೇಳಿದವನು ಮೂರನೆಯವನು, ಗಮನಿಸಿ.

ಎರಡನೆಯದಾಗಿ, ಬರೀ ಕವರಿನ ಮೇಲೆ ಸಂಸಾರ ನಿಲ್ಲುವುದಿಲ್ಲ. ತಿಂಗಳಿಗೆ ಇಷ್ಟು ಎಂದು ಕೊಡುವ ಕೆಲವು ಮನೆಗಳಾದರೂ ಬೇಕು, ಸಣ್ಣ ಮೊತ್ತವಾದರೂ ಪರವಾಗಿಲ್ಲ. ಅವರಿಗೆ ತಿಂಗಳಿಗೊಮ್ಮೆ ಎಲ್ಲಿ ಹೋದಿರಿ, ಎಷ್ಟು ಬಂತು, ಎಷ್ಟು ಖರ್ಚಾಯಿತು ಎಂದು ಬರೆಯಿರಿ. ಅದೂ ಸಾಲದಿದ್ದರೆ ನಿಮ್ಮ ಯಜಮಾನರು ವಾರದ ಕೆಲವು ದಿನ ಬೇರೆ ಕೆಲಸ ಮಾಡಲಿ. ಅದರಿಂದ ದೇವರು ಅವರಿಗೆ ಕೊಟ್ಟ ಕರೆ ಕಡಿಮೆಯಾಗುವುದಿಲ್ಲ. ಬಾಡಿಗೆ ಬಾಕಿಯ ವಿಷಯವನ್ನು ಮಾತ್ರ ಈ ವಾರವೇ ನಿಮ್ಮ ಪಾಸ್ಟರಿಗೆ ಹೇಳಿ, ಪ್ರಾರ್ಥನೆ ವಿಷಯ ಅಂತ ಸುತ್ತಿ ಬಳಸಿ ಹೇಳಬೇಡಿ, ಎಷ್ಟು ಬಾಕಿ ಎಂದು ನೇರವಾಗಿ ಹೇಳಿ.

ಪ್ರಶ್ನೆ: ಉಪವಾಸ ಕೂಟದಲ್ಲಿ ಅತಿಥಿ ಪ್ರಸಂಗಿಯೇ ಮೈಕ್ ಹಿಡಿದು ‘ಈಗ ಕೊಟ್ಟವರಿಗೆ ನೂರರಷ್ಟು ಬರುತ್ತದೆ, ಕೈಗೆ ಬಂದ ದೊಡ್ಡ ನೋಟನ್ನೇ ಹಾಕಿ’ ಎಂದರು. ನನ್ನ ತಾಯಿ ಔಷಧಿ ದುಡ್ಡು ಹಾಕಿ ಬಂದರು. ತಪ್ಪು ಯಾರದು?

ಉತ್ತರ: ನಿಮ್ಮ ತಾಯಿಯದಂತೂ ಅಲ್ಲ. ಪ್ರಸಂಗಿಯದು ಮೊದಲು, ಮೈಕ್ ಕೊಟ್ಟು ಕೂತ ಹಿರಿಯರದು ಆಮೇಲೆ. ಹಿರಿಯರ ಹತ್ತಿರ ಹೋಗಿ ಆ ದುಡ್ಡು ವಾಪಸ್ ಕೇಳಿ. ಸಂಕೋಚ ಬೇಡ. ಬಲವಂತದಿಂದ ಬೇಡ, ಸಂತೋಷದಿಂದ ಕೊಡಲಿ ಎಂದು 2 ಕೊರಿಂಥ 9ರಲ್ಲಿ ಬರೆದಿದೆ, ನೂರು ಜನರ ಮುಂದೆ ಹೆದರಿಸಿ ಎತ್ತಿದ್ದು ಆ ಲೆಕ್ಕಕ್ಕೆ ಬರುವುದಿಲ್ಲ. ದುಡ್ಡಿನಾಸೆಗೆ ಒಳ್ಳೆಯ ನೆಪ ಹೊಂದಿಸುವುದು ಹಳೇ ಚಾಳಿ: ಬೈಬಲಿನಲ್ಲಿ ಪ್ರವಾದಿ ಎಲೀಷ ಬೇಡವೆಂದ ಕಾಣಿಕೆಯ ಹಿಂದೆ ಅವನ ಸೇವಕ ಗೇಹಜಿ ಓಡಿದಾಗಲೂ ತನಗೆ ಬೇಕು ಅನ್ನಲಿಲ್ಲ, ಇಬ್ಬರು ಯುವಕರು ಬಂದಿದ್ದಾರೆ, ಅವರಿಗೆ ಬೇಕು ಅಂದ.

ಹಿರಿಯರಿಗೆ ಒಂದು ಮಾತು. ಕಾಣಿಕೆ ಎತ್ತುವ ಹೊತ್ತಿಗೆ ಮೈಕ್ ಸ್ಥಳೀಯ ಸಭೆಯವರ ಕೈಯಲ್ಲಿರಲಿ. ಸಂಬಂಧಿಕರಲ್ಲದ ಇಬ್ಬರು ಎಣಿಸಲಿ, ಮೊತ್ತವನ್ನು ಮುಂದಿನ ಭಾನುವಾರ ಓದಿ ಹೇಳಿ. ಅಮೆರಿಕದ ಹೆಸರಾಂತ ಸುವಾರ್ತಿಕ ಬಿಲ್ಲಿ ಗ್ರಹಾಂ ಮತ್ತು ಅವರ ಜೊತೆಗಾರರು 1948ರಲ್ಲಿ ಕ್ಯಾಲಿಫೋರ್ನಿಯಾದ ಮೊಡೆಸ್ಟೊದಲ್ಲಿ ಕೂತು, ಸುವಾರ್ತಿಕರ ಹೆಸರು ಎಲ್ಲೆಲ್ಲಿ ಕೆಡುತ್ತದೆ ಎಂದು ಪಟ್ಟಿ ಮಾಡಿದಾಗ ದುಡ್ಡೂ ಅದರಲ್ಲಿತ್ತು. ಹಾಗಿದ್ದೂ 1950ರಲ್ಲಿ ಅಟ್ಲಾಂಟಾದ ಕೂಟ ಮುಗಿದಾಗ ಪತ್ರಿಕೆಯೊಂದು ಕಾಣಿಕೆ ಚೀಲಗಳ ಚಿತ್ರವನ್ನೂ ನಗುತ್ತಿದ್ದ ಗ್ರಹಾಂ ಚಿತ್ರವನ್ನೂ ಅಕ್ಕಪಕ್ಕ ಹಾಕಿತು. ಆಮೇಲೆ ಅವರು ಕೂಟದ ಕಾಣಿಕೆ ತೆಗೆದುಕೊಳ್ಳುವುದನ್ನು ಬಿಟ್ಟು ಸಂಸ್ಥೆಯಿಂದ ಗೊತ್ತಾದ ಸಂಬಳಕ್ಕೆ ಬಂದರು.

ಪ್ರಶ್ನೆ: ಯೂಟ್ಯೂಬ್‌ನಲ್ಲಿ ಪ್ರಸಂಗ ಕೇಳಿ ಆಶೀರ್ವಾದ ಹೊಂದಿದೆ. ಕೆಳಗೆ ಕೊಟ್ಟ ನಂಬರಿಗೆ ದುಡ್ಡು ಹಾಕಬಹುದಾ?

ಉತ್ತರ: ಹಾಕಬಹುದು. ಅದಕ್ಕೆ ಮೊದಲು ಎರಡು ವಿಷಯ ವಿಚಾರಿಸಿ. ಆ ಖಾತೆ ಒಬ್ಬರ ಹೆಸರಿನಲ್ಲಿದೆಯೋ, ಸಂಸ್ಥೆಯ ಹೆಸರಿನಲ್ಲಿದೆಯೋ? ಅವರ ಲೆಕ್ಕವನ್ನು ಅವರ ಮನೆಯವರಲ್ಲದ ಯಾರಾದರೂ ನೋಡುತ್ತಾರೋ? ಕೇಳಿ ಬರೆದರೆ ಉತ್ತರ ಕೊಡಬೇಕು. ಕೊಡದಿದ್ದರೆ, ಅಥವಾ ‘ಸಂಶಯ ಪಾಪ’ ಎಂದು ಬರೆದರೆ, ದುಡ್ಡು ನಿಮ್ಮ ಹತ್ತಿರವೇ ಇರಲಿ. ಮುಂದಿನ ತಿಂಗಳು ನಿಮ್ಮ ಸಭೆಗೆ ಯಾರಾದರೂ ಬಸ್ಸಿನಲ್ಲಿ ಬಂದಿಳಿಯುತ್ತಾರಲ್ಲ, ಅವರ ಟಿಕೆಟಿಗೆ ಆಗುತ್ತದೆ.