8 ವರ್ಷದ ಮಗನ 10×10 ಅಡಿಯ ಕೋಣೆಯನ್ನು ಕಡಿಮೆ ಖರ್ಚಿನಲ್ಲಿ ಚೆಂದ ಮಾಡುವುದು ಹೇಗೆ?

ಮೊದಲು ಮಗನನ್ನೇ ಕೇಳಿ. ಹುಡುಗ ಅಂದಮೇಲೆ ನೀಲಿ ಬಣ್ಣ, ಕಾರಿನ ಚಿತ್ರ ಅಂತ ನಾವೇ ತೀರ್ಮಾನಿಸುವುದು ಬೇಡ. ನನ್ನ ಮಗ ಕೇಳಿದ್ದು ಹಳದಿ ಗೋಡೆ, ಹಕ್ಕಿಗಳು.

ನಾಲ್ಕೂ ಗೋಡೆಗೆ ಗಾಢ ಬಣ್ಣ ಬಳಿದರೆ ಚಿಕ್ಕ ಕೋಣೆ ಇನ್ನೂ ಇಕ್ಕಟ್ಟಾಗಿ ಕಾಣುತ್ತದೆ. ಮೂರಕ್ಕೆ ತಿಳಿ ಕೆನೆಬಣ್ಣ, ಒಂದಕ್ಕೆ ಅವನಿಷ್ಟದ್ದು ಸಾಕು. ಆ ಒಂದು ಗೋಡೆಯ ಕೆಳಗಿನ 3 ಅಡಿಗೆ ಸೀಮೆಸುಣ್ಣದಲ್ಲಿ ಬರೆದು ಒರೆಸಬಹುದಾದ ಚಾಕ್‌ಬೋರ್ಡ್ ಪೇಂಟ್ ಹಾಕಿಸಿ. ನಮ್ಮ ಮನೆಯಲ್ಲಿ ಅಲ್ಲೀಗ ಒಂದು ಮಿಂಚುಳ್ಳಿ ಕೂತಿದೆ: ಕೊಕ್ಕು ಮೈಗಿಂತ ಉದ್ದ, ಬಾಯಲ್ಲಿ ಮೀನು, ಪಕ್ಕದಲ್ಲೇ ಏಳರ ಮಗ್ಗಿ. ಒರೆಸಲು ನನಗೆ ಮನಸ್ಸೇ ಬರುತ್ತಿಲ್ಲ.

ಬಾಡಿಗೆ ಮನೆಯಾದರೆ ಪೇಂಟ್ ಬಿಡಿ, ದೊಡ್ಡದೊಂದು ಕರ್ನಾಟಕದ ಭೂಪಟ ತೂಗುಹಾಕಿ. ಅಜ್ಜಿಯ ಹಳೆಯ ಇಳಕಲ್ ಸೀರೆ ಕಿಟಕಿಗೆ ಒಳ್ಳೆಯ ಪರದೆಯಾಗುತ್ತದೆ. ಶೆಲ್ಫ್ ಅವನ ಕೈಗೆಟುಕುವ ಎತ್ತರದಲ್ಲಿರಲಿ. ಅದರ ಮೇಲೆ ಪ್ಲಾಸ್ಟಿಕ್‌ಗಿಂತ ಚನ್ನಪಟ್ಟಣದ ನಾಲ್ಕು ಗೊಂಬೆ ಇಡಿ. ಆಲೆ ಮರದಲ್ಲಿ ಕಡೆದು ಅರಗಿನ ಬಣ್ಣ ಹಚ್ಚಿದ ಆ ಹೊಳಪು ಬಹಳ ಕಾಲ ಉಳಿಯುತ್ತದೆ.

ಒಂದು ಮಾತ್ರ ತಪ್ಪಿಸಬೇಡಿ: ಎತ್ತರದ ಕಪಾಟನ್ನು ಗೋಡೆಗೆ ಸ್ಕ್ರೂ ಹಾಕಿ ಬಿಗಿಸಿ. ಈ ವಯಸ್ಸಿನವರು ಹತ್ತದೇ ಬಿಡುವುದಿಲ್ಲ.