ವೇಟ್, ಲೇಟ್, ಪ್ಲೇಟ್: ಒಂದು ಹಾಡಿನ ಪ್ರಾಸದ ಬಗ್ಗೆ

ಡೊಂಬಿವಲಿಯಿಂದ ಹಾಡು ಕಳಿಸಿದವರಿಗೆ ನಮಸ್ಕಾರ.

ನಿಮ್ಮ ಹಾಡನ್ನು ಈ ಸಂಚಿಕೆಗೆ ತೆಗೆದುಕೊಳ್ಳುತ್ತಿಲ್ಲ. ತಿದ್ದಿ ಕಳಿಸಿದರೆ ಮತ್ತೆ ಓದುತ್ತೇವೆ, ಸುಮ್ಮನೆ ಮಾತಿಗೆ ಹೇಳುತ್ತಿಲ್ಲ. ಮುಂಬಯಿಯ ದಾದರ್ ಸ್ಟೇಷನ್ನಿನಲ್ಲಿ ಗೆಳೆಯನಿಗಾಗಿ ಕಾಯುವ ಹುಡುಗಿಯ ಹಾಡು ಇದು: ಐದು ಚರಣ ಕನ್ನಡ, ನಡುವೆ ಒಂದು ಚರಣ ಇಂಗ್ಲಿಷ್, ಎಲ್ಲಾ ಸಾಲುಗಳ ತುದಿಯಲ್ಲೂ ‘ವೇಟ್’ ಅಥವಾ ಅದಕ್ಕೆ ಪ್ರಾಸ. ಹಾಡಿಗೆ ಜೀವವಿದೆ. ಆದರೆ ಮೂರನೇ ಚರಣದ ಹೊತ್ತಿಗೆ ಹುಡುಗಿ ಹಿಂದೆ ಸರಿದು ಪ್ರಾಸವೇ ಹಾಡನ್ನು ನಡೆಸತೊಡಗುತ್ತದೆ. ಅದು ಎಲ್ಲೆಲ್ಲಿ, ಏಕೆ ಎಂದು ಬಿಡಿಸಿ ಹೇಳುತ್ತೇವೆ.

ಮೊದಲು ಎರಡನೇ ಚರಣ. ‘ಹಸಿವಾಯ್ತಂತ ತಗೊಂಡೆ ನಾನು ವಡಾಪಾವ್ ಒಂದು ಪ್ಲೇಟ್’ ಎಂದು ಬರೆದಿದ್ದೀರಿ. ದಾದರ್ ಸ್ಟೇಷನ್ ಹೊರಗೆ ವಡಾಪಾವನ್ನು ಪ್ಲೇಟಿನ ಲೆಕ್ಕದಲ್ಲಿ ಯಾರೂ ಕೇಳುವುದಿಲ್ಲ. ‘ಎರಡು ವಡಾಪಾವ್’ ಅನ್ನುತ್ತಾರೆ, ಕಾಗದದ ತುಂಡಿನಲ್ಲಿ ಸುತ್ತಿ ಕೈಗೆ ಕೊಡುತ್ತಾರೆ. ಪ್ಲೇಟ್ ಬೇಕೇ ಬೇಕಾದರೆ ಹುಡುಗಿಗೆ ಮಿಸಳ್ ತಿನ್ನಿಸಿ, ಇಲ್ಲವೇ ಭಜಿ. ಇದೇ ಹಾಡಿನಲ್ಲಿ ‘ಪ್ಲಾಟ್‌ಫಾರ್ಮ್ ನಂಬರ್ ಏಟ್’ ಕೂಡ ಇದೆ. ಅದನ್ನು ಹಾಗೇ ಉಳಿಸಿ. 2023ರ ಡಿಸೆಂಬರ್‌ನಲ್ಲಿ ದಾದರಿನ ಪ್ಲಾಟ್‌ಫಾರ್ಮ್‌ಗಳಿಗೆ ಹೊಸ ನಂಬರ್ ಬಂದಾಗ ಸೆಂಟ್ರಲ್ ರೈಲ್ವೆ ಬದಿಯ ಒಂದನೇ ಪ್ಲಾಟ್‌ಫಾರ್ಮ್ ಎಂಟನೆಯದಾಯಿತು. ಪ್ರಾಸವೂ ಕೂಡಿತು, ಮಾತೂ ನಿಜ. ಒಂದು ಎಚ್ಚರಿಕೆ ಮಾತ್ರ: ಅದನ್ನು ‘ಏಟು’ ಎಂದು ಎಳೆದರೆ ಕೇಳುವವರಿಗೆ ಪೆಟ್ಟು ಬಿದ್ದ ಹಾಗೆ ಕೇಳಿಸುತ್ತದೆ. ಅಲ್ಲಿ ‘ಏಟ್’ ಎಂದೇ ಮೊಟಕಾಗಿ ನಿಲ್ಲಿಸಬೇಕು.

ಇನ್ನು ಇಂಗ್ಲಿಷ್ ಚರಣ. ಅದರ ನಾಲ್ಕು ಸಾಲುಗಳ ತುದಿ ಹೀಗಿದೆ: ವೇಟ್ (ಕಾಯುವುದು), ಕ್ಲೈಮೇಟ್, ವೇಟ್ (ತೂಕ), ಹೈಟ್. ಪ್ರಾಸಗಳನ್ನು ಕಣ್ಣಿನಿಂದ ಹುಡುಕಿದ್ದೀರಿ, ಕಿವಿಯಿಂದಲ್ಲ. ನಾಲ್ಕರಲ್ಲಿ ಒಂದು ಜೋಡಿಯೂ ಸರಿಯಾಗಿ ಕೂಡುವುದಿಲ್ಲ, ಮತ್ತು ಮೂರು ಕಡೆ ಮೂರು ಬೇರೆ ಬೇರೆ ಕಾರಣ.

ಇಂಗ್ಲಿಷಿನಲ್ಲಿ ಪೂರ್ಣ ಪ್ರಾಸಕ್ಕೆ ಎರಡು ಷರತ್ತು. ಒತ್ತು ಬೀಳುವ ಸ್ವರದಿಂದ ಹಿಡಿದು ಪದದ ಕೊನೆಯವರೆಗೆ ಉಚ್ಚಾರ ಒಂದೇ ಆಗಿರಬೇಕು. ಆ ಸ್ವರದ ಹಿಂದಿನ ವ್ಯಂಜನ ಮಾತ್ರ ಬೇರೆಯಾಗಿರಬೇಕು. ಹೈಟ್ ಮೊದಲ ಷರತ್ತಿನಲ್ಲೇ ಬೀಳುತ್ತದೆ. ಕಾಗುಣಿತ ತೂಕದ ವೇಟ್‌ನದೇ, ಸ್ವರ ಮಾತ್ರ ‘ಐ’. ತೂಕದ ವೇಟ್ ಎರಡನೆಯದರಲ್ಲಿ ಬೀಳುತ್ತದೆ: ಹಿಂದಿನ ವ್ಯಂಜನವೂ ಒಂದೇ, ಹಾಗಾಗಿ ಅದು ಪ್ರಾಸವಲ್ಲ, ಅದೇ ಧ್ವನಿಯ ಪುನರಾವರ್ತನೆ. ‘ಅವೇಟ್’ಗೂ ಇದೇ ತೊಂದರೆ. ನಮ್ಮ ಕಾವ್ಯದಲ್ಲಿ ಅದೇ ಧ್ವನಿ ಬೇರೆ ಅರ್ಥದಲ್ಲಿ ಮರಳಿ ಬಂದರೆ ಯಮಕವೆಂದು ಮೆಚ್ಚುತ್ತೇವೆ. ಇಂಗ್ಲಿಷ್ ಹಾಡು ಕೇಳುವ ಕಿವಿಗೆ ಅದು ಪದ ಸಿಗದೆ ಹಳೆಯದನ್ನೇ ಹೇಳಿದಂತೆ ಕೇಳುತ್ತದೆ.

ಕ್ಲೈಮೇಟ್ ವಿಷಯ ಸ್ವಲ್ಪ ನಿಧಾನವಾಗಿ ನೋಡಬೇಕು, ಮುಂಬಯಿಯಲ್ಲಿ ಬರೆಯುವ ಬಹಳ ಜನ ಎಡವುವುದು ಇಲ್ಲೇ. ಇಂಗ್ಲಿಷಿನಲ್ಲಿ ಒತ್ತು ‘ಕ್ಲೈ’ ಮೇಲೆ. ಕೊನೆಯ ಭಾಗ ಸೊರಗಿ ‘ಮಟ್’ ಅಥವಾ ‘ಮಿಟ್’ ಆಗುತ್ತದೆ, ‘ಮೇಟ್’ ಅಲ್ಲ. ಪ್ರೈವೇಟ್, ಪೈರೇಟ್, ಚಾಕೊಲೇಟ್, ಡೆಲಿಕೇಟ್ ಎಲ್ಲವೂ ಈ ಗುಂಪಿನವು. ಸೆಪರೇಟ್, ಎಸ್ಟಿಮೇಟ್, ಗ್ರಾಜುಯೇಟ್ ಕ್ರಿಯಾಪದವಾದಾಗ ‘ಏಟ್’ ಎಂದು ಮುಗಿಯುತ್ತವೆ, ನಾಮಪದವೋ ವಿಶೇಷಣವೋ ಆದಾಗ ‘ಅಟ್’ ಎಂದು. ರಿಲೇಟ್, ಕ್ರಿಯೇಟ್, ಡಿಬೇಟ್, ಎಸ್ಟೇಟ್ ಇವುಗಳಲ್ಲಿ ಒತ್ತು ಕೊನೆಯಲ್ಲೇ ಇದೆ, ವೇಟ್ ಜೊತೆ ಪೂರ್ಣ ಪ್ರಾಸ. ಸೆಲೆಬ್ರೇಟ್, ಹೆಸಿಟೇಟ್ ನಡುವೆ ನಿಲ್ಲುತ್ತವೆ: ಮುಖ್ಯ ಒತ್ತು ಮುಂದೆ, ಆದರೆ ಕೊನೆಯ ಸ್ವರ ಪೂರ್ತಿ ಕೇಳಿಸುತ್ತದೆ. ಹಾಡಿನಲ್ಲಿ ಧಾರಾಳವಾಗಿ ನಡೆಯುತ್ತವೆ.

ಅನುಮಾನ ಬಂದಾಗ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಿಎಂಯು ಉಚ್ಚಾರ ಕೋಶ ನೋಡಿ. ಅದು ಉಚಿತ, ಅಮೆರಿಕನ್ ಉಚ್ಚಾರ ಕೊಡುತ್ತದೆ. ಪ್ರತಿ ಸ್ವರದ ಬೆನ್ನಿಗೆ ಒಂದು ಅಂಕಿ ಇರುತ್ತದೆ: 1 ಎಂದರೆ ಮುಖ್ಯ ಒತ್ತು, 2 ಉಪ ಒತ್ತು, 0 ಒತ್ತಿಲ್ಲ. ಕೊನೆಯ ಸ್ವರಕ್ಕೆ 1 ಇದ್ದರೆ ಕಣ್ಣು ಮುಚ್ಚಿ ಬಳಸಿ, 2 ಇದ್ದರೆ ಹಾಡಿ ನೋಡಿ ಬಳಸಿ, 0 ಇದ್ದರೆ ಬಿಡಿ.

ಪದ ಹುಡುಕುವ ಕೆಲಸಕ್ಕೆ ನಮ್ಮ ವರ್ಣಮಾಲೆಯೇ ಸಾಕು. ‘ಏಟ್’ ಅನ್ನು ಹಿಡಿದುಕೊಂಡು ಮುಂದೆ ಒಂದೊಂದೇ ವ್ಯಂಜನ ಸೇರಿಸುತ್ತಾ ಹೋಗಿ: ಗೇಟ್, ಡೇಟ್, ಫೇಟ್, ಬೇಟ್, ಮೇಟ್, ರೇಟ್, ಲೇಟ್, ಹೇಟ್. ಮುಗಿದ ಮೇಲೆ ಒತ್ತಕ್ಷರದ ಸುತ್ತು: ಕ್ರೇಟ್, ಗ್ರೇಟ್, ಪ್ಲೇಟ್, ಫ್ರೇಟ್, ಸ್ಕೇಟ್, ಸ್ಟೇಟ್, ಸ್ಲೇಟ್, ಸ್ಟ್ರೇಟ್. ಇಂಗ್ಲಿಷ್ ಕಾಗುಣಿತ ನೋಡುತ್ತಾ ಹುಡುಕಿದ್ದರೆ ಗ್ರೇಟ್, ಸ್ಟ್ರೇಟ್, ಫ್ರೇಟ್ ಮೂರೂ ತಪ್ಪಿಹೋಗುತ್ತಿದ್ದವು.

ಅರೆ ಪ್ರಾಸಕ್ಕೂ ಇದೇ ವರ್ಣಮಾಲೆ ದಾರಿ ತೋರಿಸುತ್ತದೆ. ಸ್ವರವನ್ನು ಮುಟ್ಟದೆ ಕೊನೆಯ ‘ಟ್’ ಅನ್ನು ಅಕ್ಕಪಕ್ಕದ ಮನೆಗೆ ಸರಿಸಿ. ಅದೇ ವರ್ಗದಲ್ಲಿ ಸರಿಸಿದರೆ ‘ಡ್’: ಫೇಡ್, ಶೇಡ್, ಮೇಡ್. ವರ್ಗಗಳ ಮೊದಲ ಅಕ್ಷರಗಳ ಸಾಲಿನಲ್ಲೇ ಸರಿಸಿದರೆ ‘ಕ್’ ಮತ್ತು ‘ಪ್’: ಬ್ರೇಕ್, ವೇಕ್, ಶೇಪ್, ಟೇಪ್. ಇವು ತೀರಾ ಹತ್ತಿರದವು, ವೇಗದ ಹಾಡಿನಲ್ಲಿ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಅಲ್ಲಿಂದ ಇನ್ನೂ ದೂರ ಹೋದರೆ ಸೇಫ್, ಫೇಸ್, ಪ್ಲೇಸ್, ಆಮೇಲೆ ಟ್ರೇನ್, ರೇನ್. ಸ್ವರ ಬಿಟ್ಟು ಹೆಚ್ಚು ನೆಂಟು ಉಳಿದಿಲ್ಲ, ಆದರೂ ಮುಂಬಯಿಯ ಮಳೆಗಾಲದ ಹಾಡಿಗೆ ‘ಫೇಟ್’ಗಿಂತ ‘ರೇನ್’ ಎಷ್ಟೋ ಪಾಲು ಹೆಚ್ಚು ಕೆಲಸ ಮಾಡುತ್ತದೆ. ಒಂದು ಚರಣದಲ್ಲಿ ಪೂರ್ಣ ಪ್ರಾಸ ಒಂದು ಜೋಡಿ, ಅರೆ ಪ್ರಾಸ ಒಂದು ಜೋಡಿ ಇಟ್ಟು ನೋಡಿ. ಎಲ್ಲವೂ ಪೂರ್ಣವಾದರೆ ಎರಡನೇ ಸಾಲಿಗೇ ಕೇಳುಗರು ನಾಲ್ಕನೆಯದನ್ನು ಊಹಿಸಿಬಿಡುತ್ತಾರೆ. ‘ಲೇಟ್’ ಬಂದ ಮೇಲೆ ‘ಗೇಟ್’ ಬರುತ್ತದೆಂದು ನಮಗೆ ನಿಮ್ಮ ಪುಟ ತಿರುಗಿಸುವ ಮೊದಲೇ ಗೊತ್ತಿತ್ತು.

‘ವೇಟಿಂಗ್’ ಮಾಡಿಕೊಂಡರೆ ಪ್ರಾಸ ಎರಡು ಅಕ್ಷರಕ್ಕೆ ಹರಡುತ್ತದೆ: ಡೇಟಿಂಗ್, ರೇಟಿಂಗ್, ಸ್ಕೇಟಿಂಗ್. ಅದರ ಜೊತೆ ‘ರಿಂಗ್’ ಕೂಡುವುದಿಲ್ಲ, ಏಕೆಂದರೆ ಒತ್ತು ‘ವೇ’ ಮೇಲಿದೆ.

ಇಷ್ಟೆಲ್ಲ ಇಂಗ್ಲಿಷ್ ಚರಣದ ಮಾತು. ಕನ್ನಡ ಚರಣಗಳಿಗೆ ಬಂದರೆ ಕಾನೂನೇ ಬೇರೆ, ಮತ್ತು ಇದೇ ನಿಮಗೆ ನಾವು ಮುಖ್ಯವಾಗಿ ಹೇಳಬೇಕಾದದ್ದು. ಅದೇ ಪದ ಕನ್ನಡ ಬಾಯಿಗೆ ಬಂದ ಮೇಲೆ ಅದರ ಪ್ರಾಸವನ್ನು ಅಳೆಯಬೇಕಾದದ್ದು ಕನ್ನಡ ಕಿವಿ. ನಮ್ಮ ಮಾತಿನಲ್ಲಿ ಇಂಗ್ಲಿಷಿನಂಥ ಒತ್ತು ಇಲ್ಲ. ‘ಚಾಕಲೇಟು’ ಅನ್ನುವಾಗ ‘ಲೇ’ ಪೂರ್ತಿ ದೀರ್ಘ. ಹಾಗಾಗಿ ಐದನೇ ಚರಣದ ‘ಲೇಟು–ಚಾಕಲೇಟು’ ಜೋಡಿ ನೂರಕ್ಕೆ ನೂರು ಸರಿ. ಅದನ್ನೇ ಇಂಗ್ಲಿಷ್ ಚರಣಕ್ಕೆ ಎತ್ತಿಟ್ಟರೆ ತಪ್ಪು. ನಾಲ್ಕನೇ ಚರಣದಲ್ಲಿ ‘ಫೋರ್ತ್ ಸೀಟು’ ಜೊತೆ ‘ವೇಟು’ ಇಟ್ಟಿದ್ದೀರಿ. ಪಕ್ಕದಲ್ಲೇ ‘ಪ್ರಾಸ ಸರಿಯಿಲ್ಲ, ಬದಲಿಸಬೇಕು’ ಎಂದು ಪೆನ್ಸಿಲಿನಲ್ಲಿ ಬರೆದುಕೊಂಡಿದ್ದೀರಿ. ಬದಲಿಸಬೇಡಿ! ಮೂವರ ಸೀಟಿನ ಅಂಚಿನಲ್ಲಿ ನಾಲ್ಕನೆಯವಳಾಗಿ ಕೂರುವುದು ಇಡೀ ಹಾಡಿನಲ್ಲಿ ಅತ್ಯಂತ ಕಣ್ಣಿಗೆ ಕಟ್ಟುವ ಸಾಲು, ಪ್ರಾಸವೂ ಗಟ್ಟಿ. 10ನೇ ಶತಮಾನದ ಕೊನೆಯಲ್ಲಿ ನಾಗವರ್ಮ ‘ಛಂದೋಂಬುಧಿ’ಯಲ್ಲಿ ಆರು ಬಗೆಯ ಪ್ರಾಸ ಹೇಳುತ್ತಾನೆ. ಪ್ರಾಸಾಕ್ಷರದ ಹಿಂದಿನದು ಹ್ರಸ್ವವಾದರೆ ಸಿಂಹ, ದೀರ್ಘವಾದರೆ ಗಜ, ಪ್ರಾಸಾಕ್ಷರವೇ ದ್ವಿತ್ವವಾದರೆ ಹಯ, ಹೀಗೆ. ಅವನು ಹೇಳಿದ್ದು ಪಾದದ ಎರಡನೇ ಅಕ್ಷರದ ಪ್ರಾಸಕ್ಕೆ, ಆದರೆ ಆ ತರ್ಕ ನಮ್ಮ ಕಿವಿಯಲ್ಲಿ ಉಳಿದುಬಿಟ್ಟಿದೆ: ವ್ಯಂಜನ ಒಂದೇ ಇರಲಿ, ಹಿಂದಿನ ಅಕ್ಷರದ ತೂಕ ಒಂದೇ ಇರಲಿ, ಸ್ವರ ಬೇರೆಯಾದರೂ ನಡೆಯುತ್ತದೆ. ಸೀಟು, ವೇಟು, ನೋಟು, ಬೂಟು ಎಲ್ಲವೂ ದೀರ್ಘದ ಮೇಲೆ ‘ಟು’. ಇಂಗ್ಲಿಷ್ ಕಿವಿಗೆ ಅರೆ ಪ್ರಾಸ, ನಮ್ಮದಕ್ಕೆ ಒಪ್ಪಿತ.

ಮೂರನೇ ಚರಣದ ‘ಮಳೆಯಲ್ಲಿ ನಾನು ವೆಟ್’ ಮಾತ್ರ ಇದರ ತದ್ವಿರುದ್ಧ. ಇಂಗ್ಲಿಷಿನಲ್ಲಿ ‘ವೆಟ್–ವೇಟ್’ ಮರ್ಯಾದಸ್ಥ ಅರೆ ಪ್ರಾಸ. ಕನ್ನಡದಲ್ಲಿ ಹ್ರಸ್ವದ ಮುಂದಿನ ‘ಟ್’ ಇಮ್ಮಡಿಯಾಗಿ ‘ವೆಟ್ಟು’ ಆಗುತ್ತದೆ, ನೆಟ್ಟು, ಸೆಟ್ಟು ಅನ್ನುವ ಹಾಗೆ. ಒಂದು ಕಡೆ ದ್ವಿತ್ವ, ಇನ್ನೊಂದು ಕಡೆ ದೀರ್ಘ, ಸಾಲು ಕುಂಟುತ್ತದೆ. ಅಲ್ಲದೆ ‘ನಾನು ವೆಟ್’ ಎಂದು ಯಾರೂ ಹೇಳುವುದಿಲ್ಲ, ‘ನೆನೆದುಹೋದೆ’ ಅನ್ನುತ್ತಾರೆ.

ಕೊನೆಯ ತೊಂದರೆ ಪದಗಳ ಜಾಗದ್ದು. ಕನ್ನಡದಲ್ಲಿ ಇಂಗ್ಲಿಷ್ ಕ್ರಿಯಾಪದ ಒಂಟಿಯಾಗಿ ಬರುವುದಿಲ್ಲ, ಬೆನ್ನಿಗೆ ‘ಮಾಡು’ ಬೇಕು. ನೀವು ‘ವೇಟ್’ ಅನ್ನು ಸಾಲಿನ ತುದಿಗೆ ತರಲು ಪ್ರತಿ ಸಲ ‘ಮಾಡು’ವನ್ನು ಮುಂದೆ ನೂಕಿದ್ದೀರಿ: ‘ನಿಂತು ನಾ ಮಾಡ್ತೀನಿ ವೇಟ್’, ‘ಯಾಕೆ ಮಾಡ್ಸ್ತೀಯ ವೇಟ್’. ಒಂದು ಸಲವಾದರೆ ಹಾಡಿನ ಸೊಗಸು. ಚರಣ ಚರಣಕ್ಕೂ ಆದರೆ ಮಾತು ತಲೆಕೆಳಗಾಗಿ ಕೇಳುತ್ತದೆ. ಗಜಲ್‌ನಲ್ಲಿ ಮಾಡುವಂತೆ ಮಾಡಿ. ಮುಂಬಯಿಯಲ್ಲಿರುವ ನಿಮಗೆ ಕಾಫಿಯಾ, ರದೀಫ್ ಹೊಸದಲ್ಲ. ಸಾಲಿನ ಕೊನೆಗೆ ಬದಲಾಗದ ಪದ ರದೀಫ್, ಅದರ ಹಿಂದೆ ಪ್ರಾಸ ಹಿಡಿಯುವ ಪದ ಕಾಫಿಯಾ. ‘ಮಾಡಿದೆ’ ರದೀಫ್ ಆಗಲಿ:

ದಾದರ್ ಬ್ರಿಜ್ಜಿನ ಮೇಲೆ ನಿಂತು ವೇಟು ಮಾಡಿದೆ
ಬರುವ ದಾರಿ ಗೊತ್ತಿದ್ದೂ ನೀ ಲೇಟು ಮಾಡಿದೆ

ಎರಡೂ ಸಾಲಿಗೆ 21 ಮಾತ್ರೆ. ಮೊದಲ ‘ಮಾಡಿದೆ’ ಅವಳದು, ಎರಡನೆಯದು ಅವನದು. ಕ್ರಿಯಾಪದ ತನ್ನ ಜಾಗದಲ್ಲೇ ಇದೆ. ‘ಅಪ್‌ಡೇಟು’, ‘ಸೆಪರೇಟು’ ಕೂಡ ಇದೇ ಅಚ್ಚಿನಲ್ಲಿ ಕೂರುತ್ತವೆ, ಏಕೆಂದರೆ ಕನ್ನಡದಲ್ಲಿ ಅವುಗಳ ಕೊನೆಯೂ ‘ಏಟು’. ಸಾಲು ಮಾತ್ರ ನಮ್ಮದನ್ನು ತೆಗೆದುಕೊಳ್ಳಬೇಡಿ, ನಿಮ್ಮದೇ ಕಟ್ಟಿ.

ಪಲ್ಲವಿಯ ಕೊನೆಯಲ್ಲಿ ‘ವೇಟ್…’ ಎಂದು ಉದ್ದಕ್ಕೆ ಎಳೆಯುವ ಗುರುತು ಹಾಕಿದ್ದೀರಿ. ‘ಟ್’ ಬಂದ ಕೂಡಲೇ ಉಸಿರು ಕಟ್ಟಿ ದನಿ ನಿಲ್ಲುತ್ತದೆ, ಅದನ್ನು ಎಳೆಯಲಾಗದು. ಹಾಡುವವರು ‘ವೇ’ಯನ್ನು ಎಳೆದು ಕೊನೆಗೆ ‘ಟ್’ ಮುಟ್ಟಿಸಬೇಕು, ಇಲ್ಲವೇ ತಮಗೆ ತಿಳಿಯದೆಯೇ ‘ವೇಟೂ’ ಎಂದು ಮುಗಿಸುತ್ತಾರೆ. ನಿಮಗೆ ಯಾವುದು ಬೇಕು ಎಂದು ಬರಹದಲ್ಲೇ ತೋರಿಸಿ: ಕನ್ನಡ ಚರಣಗಳಲ್ಲಿ ಎಲ್ಲ ಕಡೆ ‘ವೇಟು’, ಇಂಗ್ಲಿಷ್ ಚರಣದಲ್ಲಿ ಎಲ್ಲ ಕಡೆ ‘ವೇಟ್’. ಈಗ ಎರಡೂ ಬೆರೆತಿವೆ. ಒಂದು, ನಾಲ್ಕು, ಐದನೇ ಚರಣಗಳನ್ನು ಉಳಿಸಿಕೊಳ್ಳಿ, ಎರಡನೆಯದಕ್ಕೆ ತಿಂಡಿ ಬದಲಿಸಿ, ಮೂರನೆಯದನ್ನು ಹೊಸದಾಗಿ ಬರೆಯಿರಿ. ಇಂಗ್ಲಿಷ್ ಚರಣ ಹಾಡಿಗೆ ನಿಜವಾಗಿ ಬೇಕೇ ಎಂದು ಅದನ್ನು ಬಿಟ್ಟು ಒಮ್ಮೆ ಹಾಡಿ ನೋಡಿ, ನಮಗಂತೂ ಬೇಡವೆನಿಸಿತು. ತಿದ್ದಿದ ಪ್ರತಿಯ ಜೊತೆ ಯಾವ ತಾಳಕ್ಕೆ ಕಟ್ಟಿದ್ದೀರಿ ಎಂದೂ ಬರೆದು ಕಳಿಸಿ.

ಸಂಪಾದಕರು